ಆಟದ ತಾಸು ಯಾರ ಪಾಲಿನದು?

ಮುಂಗಾರಿನ ಮೊದಲ ಮಳೆಯೊಡನೆ ನಮ್ಮ ನಾಡಿನ ಹೈಸ್ಕೂಲುಗಳು ಪ್ರತಿವರ್ಷವೂ ಬಾಗಿಲು ತೆರೆಯುವವು. ಹೊಸ ಪುಸ್ತಕ, ಹೊಸ ವಹಿ, ಹೊಸ ವೇಳಾಪತ್ರಕ ಎಲ್ಲವೂ ಹಬ್ಬದ ಸಡಗರದಿಂದ ಸಿದ್ಧವಾಗುವವು. ಆ ವೇಳಾಪತ್ರಕದ ಮೂಲೆಯಲ್ಲೆಲ್ಲಿಯೋ 'ಆಟ' ಎಂಬ ಎರಡಕ್ಷರಗಳೂ, ಶನಿವಾರದ ಕಟ್ಟಕಡೆಗೆ 'ಸಂಘ' ಎಂಬ ಇನ್ನೆರಡಕ್ಷರಗಳೂ ಬರೆಯಲ್ಪಟ್ಟಿರುವವು. ಆದರೆ ದೀಪಾವಳಿಯು ಕಳೆಯುವಷ್ಟರಲ್ಲಿ ಆ ನಾಲ್ಕು ಅಕ್ಷರಗಳು ಎಷ್ಟೋ ಶಾಲೆಗಳಲ್ಲಿ ಕಾಗದದ ಮೇಲೆ ಮಾತ್ರ ಉಳಿದಿರುವವು. ಆಟದ ತಾಸನ್ನು ಗಣಿತದ ಮಾಸ್ತರರು ಕಡವಾಗಿ ಪಡೆದಿರುವರು. ಆ ಕಡವು ಎಂದೂ ತೀರದು. ಸಂಘದ ತಾಸಿನಲ್ಲಿ ಮಕ್ಕಳು ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನು ಬಿಡಿಸುತ್ತ ಕುಳಿತಿರುವರು. ಹತ್ತನೆಯ ಇಯತ್ತೆಯ ಮಕ್ಕಳ ಪಾಡಂತೂ ಹೇಳತಕ್ಕದ್ದೇ ಇಲ್ಲ. ಮುಂಜಾನೆಯ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ನಡುವೆ ಎಂದಿನ ಪಾಠ. ಅವರಿಗೆ ಸೂರ್ಯನ ದರ್ಶನವಾಗುವದು ಕಿಟಕಿಯಿಂದಲೇ!

ಈ ವಿಷಯವನ್ನು ಕುರಿತು ನಾವು ಇಂದು ನಾಲ್ಕು ಮಾತು ಬರೆಯಬೇಕೆಂದಿರುವೆವು. ನಮ್ಮ ಹೈಸ್ಕೂಲುಗಳಲ್ಲಿ ಆಟಗಳೂ ಸಂಘಗಳೂ ಇಲ್ಲವೇ ಇಲ್ಲವೆಂದು ದೂರುವದು ನಮ್ಮ ಉದ್ದೇಶವಲ್ಲ. ತಾಲೂಕಿನ ಕ್ರೀಡಾಕೂಟಗಳು ಜರುಗುವವು. ಪ್ರತಿಭಾ ಕಾರಂಜಿಯ ಸ್ಪರ್ಧೆಗಳು ಜರುಗುವವು. ಸ್ನೇಹಸಮ್ಮೇಲನದ ದಿವಸ ಪೆಂಡಾಲು ಏಳುವದು, ಪಾರಿತೋಷಕಗಳು ಹಂಚಲ್ಪಡುವವು, ಅತಿಥಿಗಳ ಕೊರಳಿಗೆ ಹಾರಗಳು ಬೀಳುವವು. ಇವೆಲ್ಲ ಬೇಡವೆಂದು ನಾವು ಹೇಳೆವು. ಆದರೆ ಈ ಆಟಪಾಟಗಳೆಲ್ಲ ಬೆರಳೆಣಿಕೆಯ ಮಕ್ಕಳ ಪಾಲಾಗಿ, ಉಳಿದ ಮಕ್ಕಳು ಚಪ್ಪಾಳೆ ತಟ್ಟುವ ಪ್ರೇಕ್ಷಕರಾಗಿ ಬಿಟ್ಟಿರುವರೆಂಬದೇ ನಮ್ಮ ದೂರು. ಅನ್ನಛತ್ರದಲ್ಲಿ ಹತ್ತು ಜನರು ಉಂಡು, ನೂರು ಜನರು ಅದನ್ನು ನೋಡಿ ಮನೆಗೆ ಹೋದರೆ ಅದನ್ನು ಅನ್ನದಾನವೆಂದು ಯಾರಾದರೂ ಅಂದಾರೇ?

ವಾಚಕರು ನಮ್ಮೊಡನೆ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. 240 ಮಕ್ಕಳಿರುವ ಒಂದು ಸಾಧಾರಣ ಹೈಸ್ಕೂಲನ್ನು ಕಲ್ಪಿಸಿಕೊಳ್ಳೋಣ. ಆ ಶಾಲೆಯು ಕಬಡ್ಡಿ, ಖೋ ಖೋ, ವಾಲಿಬಾಲ್ ಈ ಮೂರೂ ಆಟಗಳಿಗೆ ಹುಡುಗರ ಒಂದೊಂದು, ಹುಡುಗಿಯರ ಒಂದೊಂದು ತಂಡವನ್ನು ಕಟ್ಟಿತೆನ್ನೋಣ. ಮೀಸಲು ಆಟಗಾರರನ್ನು ಕೂಡಿಸಿ ತಂಡಕ್ಕೆ 12 ಜನರೆಂದು ಹಿಡಿಯೋಣ. ಒಬ್ಬರ ಹೆಸರೂ ಎರಡು ತಂಡಗಳಲ್ಲಿ ಇಲ್ಲವೆಂದು ಉದಾರವಾಗಿ ಒಪ್ಪಿಕೊಂಡರೂ ಆಡುವವರ ಸಂಖ್ಯೆಯು 72 ಆಗುವದು. ಉಳಿದ 168 ಮಕ್ಕಳು ಏನು ಮಾಡಬೇಕು? ನಿಜವಾಗಿ ನೋಡಿದರೆ, ಓಟದಲ್ಲಿ ಮುಂದಿರುವ ಹುಡುಗನೇ ಕಬಡ್ಡಿಗೂ ಆರಿಸಲ್ಪಡುವನು. ಅವನೇ ಖೋ ಖೋ ತಂಡದ ನಾಯಕನಾಗುವನು. ಹಾಡಿನಲ್ಲಿ ಬಹುಮಾನ ಪಡೆದ ಹುಡುಗಿಯೇ ಭಾಷಣಕ್ಕೂ ನಿಲ್ಲುವಳು, ನಾಟಕದಲ್ಲಿಯೂ ಮುಖ್ಯ ಪಾತ್ರವನ್ನು ವಹಿಸುವಳು. ಹೀಗಾಗಿ 72 ಎಂಬ ಅಂಕೆಯು ಇನ್ನೂ ಇಳಿಯುವದು. ಮಾಸ್ತರರನ್ನು ಇದಕ್ಕಾಗಿ ದೂರುವಂತಿಲ್ಲ. ಸ್ಪರ್ಧೆಯಲ್ಲಿ ಗೆಲ್ಲಬೇಕೆಂದು ಮೇಲಿನಿಂದ ಒತ್ತಾಯವಿರುವಾಗ ಗೆಲ್ಲುವ ಕುದುರೆಯನ್ನೇ ಓಡಿಸುವದು ಸಹಜವಾಗಿದೆ. ತಪ್ಪು ಇರುವದು, ಆಟವನ್ನು ಗೆಲುವಿನ ಸಾಧನವೆಂದು ಎಣಿಸಿ, ಅದನ್ನು ಶಿಕ್ಷಣವೆಂದು ಎಣಿಸದ ನಮ್ಮೆಲ್ಲರ ಬುದ್ಧಿಯಲ್ಲಿ.

ಇದು ಶಿಕ್ಷಣವೆಂಬದನ್ನು ನಮ್ಮ ದೇಶದ ತಿಳಿದವರು ಎಂದೋ ಹೇಳಿರುವರು. ಡಾ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ 1952-53ರಲ್ಲಿ ಕಾರ್ಯಮಾಡಿದ ಮಾಧ್ಯಮಿಕ ಶಿಕ್ಷಣ ಆಯೋಗವು, ಪಾಠದ ಹೊರಗಿನ ಚಟುವಟಿಕೆಗಳು ಪಾಠದಷ್ಟೇ ಶಾಲೆಯ ಅಂಗವೆಂದು ಪ್ರತಿಪಾದಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರಗಳ ನಡುವೆ ಗೋಡೆಯೇ ಇರಬಾರದೆಂದಿತು. 'ಪಠ್ಯೇತರ' ಎಂಬ ಹೆಸರು ಹೋಗಿ 'ಸಹಪಠ್ಯ' ಎಂಬ ಗೌರವದ ಹೆಸರೂ ಬಂದಿತು. ಹೆಸರು ಬದಲಾಯಿತು, ಮಗುವಿನ ಹಣೆಬರಹವು ಬದಲಾಗಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಇರಬೇಕೆಂದು ವಿಧಿಸಿತು. ಆರರಿಂದ ಎಂಟನೆಯ ಇಯತ್ತೆಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಕಲೆ, ದೈಹಿಕ ಶಿಕ್ಷಣ, ಕೈಕೆಲಸಗಳಿಗೆ ಅರೆಕಾಲಿಕ ಬೋಧಕರನ್ನೂ ಹೇಳಿತು. ಆದರೆ ಎಂಟನೆಯ ಇಯತ್ತೆಯ ಆಚೆಗೆ ಆ ಕಾಯಿದೆಯ ಕೈ ಚಾಚದು. ಮೈಯೂ ಮನಸ್ಸೂ ಒಮ್ಮೆಲೆ ಬೆಳೆಯುವ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿಯೇ ನಮ್ಮ ಮಕ್ಕಳು ಅದರ ಆಸರೆಯಿಂದ ಹೊರಬೀಳುವರು. ಎಂಥ ವಿಪರ್ಯಾಸವಿದು!

ಶರೀರದ ಮಾತನ್ನು ಮೊದಲು ಆಡೋಣ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರು ಬಿಸಿಯಾಗುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿತು. ಅದೇ ಸಂಸ್ಥೆಯ ತಜ್ಞರು 2016ರ ಅಂಕಿಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜಗತ್ತಿನಲ್ಲಿ ಹನ್ನೊಂದರಿಂದ ಹದಿನೇಳರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 81 ಜನರು ಅಷ್ಟು ಕೂಡ ಮೈ ದಣಿಸುವದಿಲ್ಲ. ಹುಡುಗರಲ್ಲಿ ಈ ಪ್ರಮಾಣವು 78, ಹುಡುಗಿಯರಲ್ಲಿ 85. ಎಂದ ಬಳಿಕ ಇದು ನಮ್ಮೊಂದೂರಿನ ರೋಗವಲ್ಲ. ಆದರೆ ಗರಡಿಮನೆಗಳ ನಾಡೆನಿಸಿ, ಓಣಿಗೊಂದು ತಾಲೀಮಿನ ಮಣ್ಣನ್ನು ಕಂಡಿದ್ದ ನಮ್ಮ ಊರುಗಳಿಗೆ ಈ ರೋಗವು ಹೆಚ್ಚು ನಾಚಿಕೆಯನ್ನು ತರಬೇಕು.

ಮೈಯ ಮಾತಿಗಿಂತಲೂ ದೊಡ್ಡದಾದ ಮಾತು ಇನ್ನೊಂದುಂಟು. ಹತ್ತು ಜನರೊಡನೆ ಕೂಡಿ ಕೆಲಸ ಮಾಡುವ ವಿದ್ಯೆಯನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಖೋ ಖೋ ಆಟವನ್ನೇ ತೆಗೆದುಕೊಳ್ಳಿರಿ. ಎಂಟು ಜನರು ಒಂದೇ ಸಾಲಿನಲ್ಲಿ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುವರು. ಒಂಬತ್ತನೆಯವನು ಎದುರಾಳಿಯನ್ನು ಬೆನ್ನಟ್ಟುವನು. ವಾಡಿಕೆಯ ನಿಯಮದಂತೆ ಅವನು ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಕುಳಿತವರ ನಡುವೆ ನುಸುಳಿ ಆಚೆಗೆ ದಾಟುವಂತಿಲ್ಲ. ಎದುರಾಳಿಯು ಆಚೆಗೆ ಜಿಗಿದೊಡನೆ, ಆ ಕಡೆಗೆ ಮುಖಮಾಡಿದ ಗೆಳೆಯನ ಬೆನ್ನು ತಟ್ಟಿ 'ಖೋ' ಎಂದು ಹೇಳಿ, ಓಡುವ ಮಾನವನ್ನು ಅವನಿಗೆ ಒಪ್ಪಿಸಿ, ತಾನು ಅವನ ಜಾಗದಲ್ಲಿ ಕೂಡ್ರಬೇಕು. ಎಷ್ಟೇ ಚುರುಕಾದ ಕಾಲಿನವನಿದ್ದರೂ ಒಬ್ಬನೇ ಈ ಆಟವನ್ನು ಗೆಲ್ಲಲಾರನು. ಸಮಯವರಿತು ಅಧಿಕಾರವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂಡ್ರುವ ಈ ಪಾಠವನ್ನು ನಮ್ಮ ಊರಿನ ಎಷ್ಟು ಸಂಘ-ಸಂಸ್ಥೆಗಳ ಅಧ್ಯಕ್ಷರು ಕಲಿತಿರುವರೆಂಬದನ್ನು ವಾಚಕರೇ ಎಣಿಸಿ ನೋಡಲಿ!

ಈ ಆಟಕ್ಕೆ ಬೇಕಾಗುವದೇನು? ಎರಡು ಕಂಬ, ಒಂದಿಷ್ಟು ಸುಣ್ಣ, ಒಂದು ಬಯಲು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಜರುಗಿದ ಮೊದಲನೆಯ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಆ ಮಹಿಳೆಯರ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಎಂಬ ಕನ್ನಡತಿಯು ಇದ್ದಳು. ಪುರುಷರ ತಂಡದಲ್ಲಿ ನಮ್ಮ ರಾಜ್ಯದ ಎಂ. ಕೆ. ಗೌತಮನಿದ್ದನು. ಇದನ್ನು ಕೇಳಿ ನಮಗೆ ಹಿಗ್ಗಾಗುವದು ಸಹಜವೇ. ಆದರೆ ಹಿಗ್ಗಿನ ಜೊತೆಗೆ ಒಂದು ಪ್ರಶ್ನೆಯೂ ಏಳಬೇಕು. ಒಂದು ಹಳ್ಳಿಯಲ್ಲಿ ಎರಡು ಕಂಬಗಳು ನೆಟ್ಟದ್ದರಿಂದ ಒಬ್ಬ ಚೈತ್ರಾ ಕಾಣಿಸಿಕೊಂಡಳು. ಕಂಬಗಳೇ ನೆಡಲ್ಪಡದ ಊರುಗಳಲ್ಲಿ ಎಷ್ಟು ಜನರು ಕಾಣದೆಯೇ ಹೋಗಿರಬಹುದು? ಮೇಲಾಗಿ, ವಿಶ್ವಕಪ್ಪಿಗೆ ಹೋಗದಿದ್ದರೂ ಆಡಿ ನಕ್ಕು, ಸೋತು ಕಲಿಯುವ ಹಕ್ಕು ಉಳಿದ ಮಕ್ಕಳಿಗೂ ಉಂಟಲ್ಲವೇ?

ಕೆಲವರಿಗೆ ಮಾತ್ರ ತೆರೆದ ಬಾಗಿಲು ಎಂಥ ಅನ್ಯಾಯವೆಂಬದನ್ನು ಸ್ಕೌಟು ಚಳವಳಿಯ ಇತಿಹಾಸವು ಚೆನ್ನಾಗಿ ತಿಳಿಸುವದು. ಬೇಡನ್ ಪೊವೆಲ್ಲನು 1907ರಲ್ಲಿ ಇಂಗ್ಲಂಡದ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರೊಡನೆ ಮೊದಲ ಶಿಬಿರವನ್ನು ಹೂಡಿದನು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅದು ನಮ್ಮ ಬೆಂಗಳೂರಿಗೆ ಬಂದಿತು. ಆದರೆ ಆರಂಭದಲ್ಲಿ ಅದರಲ್ಲಿ ಭಾರತದ ಬಾಲಕರಿಗೆ ಪ್ರವೇಶವಿರಲಿಲ್ಲ! ಈ ಅವಮಾನವನ್ನು ಸಹಿಸದೆ ಆನಿ ಬೆಸೆಂಟ್ ಅವರೂ ಪಂಡಿತ ಮದನಮೋಹನ ಮಾಲವೀಯರೂ ನಮ್ಮ ಮಕ್ಕಳಿಗಾಗಿ ಬೇರೆ ಸ್ಕೌಟು ಸಂಘಗಳನ್ನು ಕಟ್ಟಲು ಮುಂದಾದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನೀ ಸೇವಾದಳವನ್ನು ಕಟ್ಟಿ, ತರುಣರಿಗೆ ಕವಾಯಿತನ್ನೂ ಶಿಸ್ತನ್ನೂ ಕಲಿಸಿದರು. ಸ್ವಾತಂತ್ರ್ಯದ ನಂತರ ಹಳೆಯ ಬಾಲಕ ಸ್ಕೌಟು ಸಂಘಗಳು ಒಂದಾಗಿ 1950ರ ನವೆಂಬರ 7ರಂದು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು ಹುಟ್ಟಿತು. ಪರರು ಮುಚ್ಚಿದ ಬಾಗಿಲನ್ನು ಹಿರಿಯರು ಹೋರಾಡಿ ತೆರೆದರು. ಈಗ ನಮ್ಮವರೇ ಆಯ್ಕೆಯ ಹೆಸರಿನಲ್ಲಿ ಅದನ್ನು ಮುಚ್ಚಬಹುದೇ?

ಆ ಚಳವಳಿಯ ಒಂದು ಗುಟ್ಟನ್ನು ನಮ್ಮ ಶಾಲೆಗಳ ಸಂಘಗಳು ಕಲಿಯತಕ್ಕದ್ದಿದೆ. ಅಲ್ಲಿ ಆರರಿಂದ ಎಂಟು ಮಕ್ಕಳಿಗೆ ಒಂದು ತುಕಡಿ. ಆ ತುಕಡಿಗೆ ಅವರಲ್ಲಿಯೇ ಒಬ್ಬ ನಾಯಕ. ಒಲೆ ಹೂಡುವವನೊಬ್ಬ, ನೀರು ತರುವವನೊಬ್ಬ, ಲೆಕ್ಕ ಬರೆಯುವವನೊಬ್ಬ, ಕೆಲಸವಿಲ್ಲದವನೇ ಅಲ್ಲಿರನು. ನಮ್ಮ ಹೈಸ್ಕೂಲಿನ ಸಂಘಗಳಲ್ಲಿಯಾದರೋ ಅಧ್ಯಕ್ಷರು ಮಾಸ್ತರರು, ಕಾರ್ಯದರ್ಶಿಯ ಹೆಸರು ಹುಡುಗನದು, ಕೆಲಸವೆಲ್ಲ ಮತ್ತೆ ಮಾಸ್ತರರದೇ! ಆಗಸ್ಟಿನಲ್ಲಿ ಉದ್ಘಾಟನೆ, ಫೆಬ್ರುವರಿಯಲ್ಲಿ ಸಮಾರೋಪ, ನಡುವೆ ಶೂನ್ಯ. ಹಾಗಾಗದೆ, ಒಂದು ವಾಗ್ವರ್ಧಿನೀ ಸಭೆಯನ್ನು ಮಕ್ಕಳೇ ವಾರವಾರವೂ ನಡೆಯಿಸಲಿ. ಒಬ್ಬಳು ಅಧ್ಯಕ್ಷಳಾಗಿ ಕುಳಿತು, ಗಂಟೆ ಬಾರಿಸಿ, ತನ್ನ ಆಪ್ತ ಗೆಳತಿಯನ್ನೂ 'ನಿಮ್ಮ ವೇಳೆಯು ಮುಗಿಯಿತು' ಎಂದು ಕೂಡ್ರಿಸಲಿ. ತನಗೊಪ್ಪದ ಮಾತನ್ನು ಕೊನೆಯವರೆಗೆ ಕೇಳಿ, ಆ ಬಳಿಕ ಉತ್ತರ ಕೊಡುವ ಅಭ್ಯಾಸವು ಹದಿನೈದರಲ್ಲಿ ಬಾರದಿದ್ದರೆ ಐವತ್ತರಲ್ಲಿ ಬಂದೀತೇ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದು.

ಗೋಡೆಪತ್ರಿಕೆಯು ಇನ್ನೊಂದು ಸುಲಭ ಸಾಧನ. ನಾಲ್ಕು ಹಾಳೆ, ಒಂದಿಷ್ಟು ಅಂಟು, ಒಳ್ಳೆಯ ಕೈಬರಹದ ಇಬ್ಬರು ಮಕ್ಕಳು, ಇಷ್ಟಿದ್ದರೆ ಸಾಕು. ಬರೆದದ್ದನ್ನು ಅಂಕಗಳಿಗಾಗಿ ಓದದ, ಓದಬೇಕೆಂದೇ ಓದುವ ಒಬ್ಬ ವಾಚಕನು ಹದಿಹರೆಯದ ಮನಸ್ಸಿಗೆ ಎಷ್ಟು ದೊಡ್ಡ ಆಸರೆಯೆಂಬದನ್ನು ನಮ್ಮ ಸಾಹಿತ್ಯದ ಇತಿಹಾಸವೇ ಹೇಳುವದು. ಮೈಸೂರಿನಲ್ಲಿ ಹೈಸ್ಕೂಲಿನ ವಿದ್ಯಾರ್ಥಿಯಾಗಿದ್ದ ಕುಪ್ಪಳಿಯ ಪುಟ್ಟಪ್ಪನವರು 1922ರಲ್ಲಿಯೇ ಇಂಗ್ಲಿಷ್ ಕವನಗಳ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಮಾಡಿಸಿದ್ದರು. 1924ರಲ್ಲಿ ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಹುಡುಗನ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿವಾದ ಹೇಳಿದರು. ಆ ಮಾತಿನ ಫಲವನ್ನು ಕನ್ನಡಿಗರು ಇಂದಿಗೂ ಉಣ್ಣುತ್ತಿರುವರು. ಆ ಭೇಟಿಯು ಯಾವ ಪರೀಕ್ಷೆಯ ಕೋಣೆಯಲ್ಲಿಯೂ ಆಗಲಿಲ್ಲ. ಪ್ರತಿಯೊಂದು ಶಾಲೆಗೂ ಒಬ್ಬ ಕಸಿನ್ಸ್ ದೊರೆಯುವದು ಅಸಾಧ್ಯ. ಆದರೆ ಮಕ್ಕಳು ಬರೆದದ್ದನ್ನು ಪ್ರೀತಿಯಿಂದ ಓದುವ ಒಬ್ಬ ಮಾಸ್ತರರು ದೊರೆಯುವದು ಅಸಾಧ್ಯವಲ್ಲ.

ವಿಜ್ಞಾನದ ವಿಷಯದಲ್ಲಿಯೂ ಹೀಗೆಯೇ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ, ವಾರಕ್ಕೊಮ್ಮೆ ಉಪನ್ಯಾಸವನ್ನು ನಡೆಯಿಸುವ ಪರಿಪಾಠವನ್ನು ಹಾಕಿದರು. ಅಲ್ಲಿ ನಮಗೆ ಕಲಿಯತಕ್ಕದ್ದು ಆ ತಪ್ಪದ ನೇಮ. ಒಂದು ಹಳ್ಳಿಯ ಹೈಸ್ಕೂಲಿನ ವಿಜ್ಞಾನ ಸಂಘವು ಒಂದು ಮಳೆಮಾಪಕವನ್ನು ಅಂಗಳದಲ್ಲಿಟ್ಟು, ದಿನವೂ ಮುಂಜಾನೆ ಬಿದ್ದ ಮಳೆಯನ್ನು ಮಿಲಿಮೀಟರಿನಲ್ಲಿ ಬರೆದಿಡಲಿ. ಊರ ಬಾವಿಗಳ ನೀರು ತಿಂಗಳಿಗೆಷ್ಟು ಇಳಿಯಿತೆಂಬದನ್ನು ಹಗ್ಗ ಬಿಟ್ಟು ಅಳೆಯಲಿ. ಐದು ವರ್ಷಗಳಲ್ಲಿ ಆ ವಹಿಯು ಊರಿನ ರೈತರಿಗೇ ಬೇಕಾಗುವದು. ತನ್ನ ಕೈಬರಹದ ಲೆಕ್ಕವನ್ನು ಊರ ಹಿರಿಯರು ಬಂದು ಕೇಳಿದ ದಿವಸ ಆ ಮಗುವಿಗಾಗುವ ಧನ್ಯತೆಗೆ ಯಾವ ಪಾರಿತೋಷಕವು ಸರಿದೊರೆಯಾದೀತು?

ಇಷ್ಟನ್ನು ಓದಿದ ಪಾಲಕರು ನಕ್ಕು, "ನಿಮ್ಮ ಮಾತು ಕೇಳಲಿಕ್ಕೆ ಚೆನ್ನ, ಆದರೆ ನೌಕರಿಯನ್ನು ಕೊಡುವದು ಅಂಕಪಟ್ಟಿಯೇ ಹೊರತು ಖೋ ಖೋ ಕಂಬವಲ್ಲ" ಎಂದಾರು. ಈ ಆಕ್ಷೇಪವನ್ನು ನಾವು ಹಗುರಾಗಿ ತೆಗೆದುಕೊಳ್ಳೆವು. ಸಾಲ ಮಾಡಿ ಮಗನನ್ನು ಓದಿಸುವ ಬಡ ಪಾಲಕನಿಗೆ ಅಂಕದ ಭಯವು ನಿಜವಾದ ಭಯವೇ. ಆದರೆ ಎಲ್ಲ ಮಕ್ಕಳೂ ಮೇಲಿನ ಅಂಕಗಳನ್ನು ಪಡೆಯುವದು ಸಾಧ್ಯವಿಲ್ಲವೆಂಬದೂ ಅಷ್ಟೇ ನಿಜ. ಹತ್ತನೆಯ ಇಯತ್ತೆಯ ಫಲಿತಾಂಶದ ದಿವಸ ಹಿಂದೆ ಬಿದ್ದ ಮಗುವಿಗೆ 'ನೀನು ಯಾವದಕ್ಕೂ ಬೇಡವಾದವನು' ಎಂಬ ತೀರ್ಪನ್ನು ನಾವು ಕೊಟ್ಟುಬಿಡುವೆವು. ಯಾಕಂದರೆ ಅದನ್ನು ಅಳೆಯಲು ನಮ್ಮಲ್ಲಿ ಬೇರೆ ಅಳತೆಗೋಲೇ ಇಲ್ಲ. ಅದೇ ಮಗುವು ಒಂದು ತಂಡವನ್ನು ನಡೆಯಿಸಿದ್ದರೆ, ಒಂದು ನಾಟಕಕ್ಕೆ ಪರದೆ ಕಟ್ಟಿದ್ದರೆ, ಸಂಘದ ನೂರು ರೂಪಾಯಿಗಳ ಲೆಕ್ಕವನ್ನು ಪೈಸೆ ತಪ್ಪದಂತೆ ಒಪ್ಪಿಸಿದ್ದರೆ, 'ನಾನು ಇಂಥದನ್ನು ಮಾಡಬಲ್ಲೆನು' ಎಂಬ ಒಂದು ಧೈರ್ಯವು ಅದರ ಎದೆಯಲ್ಲಿ ಉಳಿಯುತ್ತಿತ್ತು. ಸೋತ ದಿವಸ ಕೈಹಿಡಿಯುವ ಆ ಧೈರ್ಯವನ್ನು ನಾವು ಮಕ್ಕಳಿಂದ ಕಸಿದುಕೊಳ್ಳುತ್ತಿರುವೆವೆಂಬದೇ ಈ ಪ್ರಶ್ನೆಯ ನಿಜವಾದ ತಿರುಳು.

ಇನ್ನು ಉಳ್ಳವರು ತಮ್ಮ ಮಕ್ಕಳನ್ನು ಫೀ ಕೊಟ್ಟು ಈಜಿಗೂ, ಚದುರಂಗಕ್ಕೂ, ಸಂಗೀತಕ್ಕೂ ಕಳಿಸುತ್ತಲೇ ಇರುವರು. ಆಟಪಾಟಗಳಿಂದ ಓದು ಕೆಡುವದೆಂದು ಅವರು ನಂಬಿಲ್ಲ! ಸರಕಾರಿ ಹೈಸ್ಕೂಲಿನ ಮಗುವಿಗೆ ಮಾತ್ರ ಆ ಉಪದೇಶವು ಸಲ್ಲುವದು. ಹೀಗೆ ಅಂಗಡಿಯಲ್ಲಿ ಕೊಂಡವರಿಗಷ್ಟೇ ಬಾಲ್ಯವು ದೊರೆಯುವ ಕಾಲ ಬಂದರೆ, ಶಾಲೆಯೆಂಬ ಸಾರ್ವಜನಿಕ ಸಂಸ್ಥೆಯು ಯಾತಕ್ಕೆ ಬೇಕು? ಹುಡುಗಿಯರ ಸ್ಥಿತಿಯು ಇನ್ನೂ ಕಷ್ಟದ್ದು. ಸಂಜೆಯ ಆಟಕ್ಕೆ ನಿಂತರೆ ಊರಿನ ಕೊನೆಯ ಬಸ್ಸು ತಪ್ಪುವದು. ಬಟ್ಟೆ ಬದಲಿಸಲು ಒಂದು ಕೋಣೆಯಿಲ್ಲ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವ ಕೆಲಸವು ಕಾದಿರುವದು. ಶಾಲೆಯ ಹೊತ್ತು ಮುಗಿದ ಬಳಿಕ ಇರುವ ಆಟವು ಹೆಚ್ಚಿನ ಹುಡುಗಿಯರಿಗೆ ಇಲ್ಲದ ಆಟವೇ ಸರಿ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಆಟದ ತಾಸೂ ಸಂಘದ ತಾಸೂ ಶಾಲೆಯ ಹೊತ್ತಿನಲ್ಲಿಯೇ ಇರಲಿ. ಹತ್ತನೆಯ ಇಯತ್ತೆಗೂ ಇರಲಿ. ಯಾವ ವಿಷಯದ ಮಾಸ್ತರರಿಗೂ ಅದನ್ನು ಕಡ ಕೊಡಬಾರದೆಂದು ಹೆಡ್‌ಮಾಸ್ತರರು ಗಟ್ಟಿಯಾಗಿ ನಿಲ್ಲಲಿ. ಎರಡನೆಯದಾಗಿ, ಪ್ರತಿಯೊಂದು ಮಗುವೂ ಒಂದು ತಂಡದಲ್ಲಿಯೂ ಒಂದು ಸಂಘದಲ್ಲಿಯೂ ಇರಲೇಬೇಕು. ನಮ್ಮ 240 ಮಕ್ಕಳ ಶಾಲೆಯನ್ನೇ ಮತ್ತೆ ನೋಡಿರಿ. 12 ಜನರಂತೆ 20 ತಂಡಗಳಾದವು. ಬಯಲಿನಲ್ಲಿ ಎರಡು ಅಂಕಣಗಳನ್ನು ಗೆರೆ ಹಾಕಿದರೆ ದಿನಕ್ಕೆ ನಾಲ್ಕು ತಂಡಗಳು ಆಡುವವು. ಐದು ದಿನಗಳಲ್ಲಿ ಇಪ್ಪತ್ತೂ ತಂಡಗಳು ಒಮ್ಮೆ ಆಡಿದಂತಾಯಿತು. ಇದಕ್ಕೆ ಹೊಸ ಕಾಸು ಬೇಡ. ಹೊಸ ಮನಸ್ಸು ಬೇಕು. ಬಲಿಷ್ಠರೂ ದುರ್ಬಲರೂ ಪ್ರತಿಯೊಂದು ತಂಡದಲ್ಲಿ ಬೆರೆತಿರಲಿ. ಅಂಗವಿಕಲ ಮಗುವಿಗೂ ಅದರ ಶಕ್ತಿಗೆ ತಕ್ಕ ಆಟವೂ ಹೊಣೆಯೂ ಇರಲಿ.

ಮೂರನೆಯದಾಗಿ, ಸಂಘಗಳ ಅಧಿಕಾರಿಗಳನ್ನು ಮಕ್ಕಳೇ ಆರಿಸಲಿ. ಮೂರು ತಿಂಗಳಿಗೊಮ್ಮೆ ಅಧಿಕಾರವು ಬದಲಾಗಲಿ. ಜಮಾಖರ್ಚನ್ನು ಎಲ್ಲರೆದುರು ಓದಿ ಹೇಳಲಿ. ಮಾಸ್ತರರು ಸಲಹೆಗಾರರಾಗಿ ಹಿಂದೆ ಕುಳಿತಿರಲಿ. ಅವರ ಹೆಗಲ ಮೇಲೆ ಬಿಸಿಯೂಟದಿಂದ ಹಿಡಿದು ಚುನಾವಣೆಯ ಕೆಲಸದವರೆಗೆ ಬೇಕಾದಷ್ಟು ಭಾರವಿರುವದನ್ನು ನಾವು ಬಲ್ಲೆವು; ಮಕ್ಕಳೇ ಹೊಣೆ ಹೊತ್ತರೆ ಆ ಭಾರವು ಹೆಚ್ಚುವ ಬದಲು ಇಳಿಯುವದೆಂದೇ ನಮ್ಮ ನಂಬಿಗೆ. ನಾಲ್ಕನೆಯ ಮಾತು ಊರ ಗೃಹಸ್ಥರಿಗೆ. ನಿಮ್ಮಲ್ಲಿ ಹಳೆಯ ಪೈಲವಾನರುಂಟು, ಬಯಲಾಟದ ವೇಷಧಾರಿಗಳುಂಟು, ಲೆಕ್ಕ ಬಲ್ಲ ನಿವೃತ್ತ ಪೋಸ್ಟಮಾಸ್ತರರುಂಟು, ಹೊಲಿಗೆಯವರುಂಟು, ಬಡಿಗರುಂಟು. ವಾರಕ್ಕೆ ಒಂದು ತಾಸನ್ನು ನಿಮ್ಮ ಊರ ಹೈಸ್ಕೂಲಿಗೆ ಧಾರೆಯೆರೆಯಿರಿ. ಸ್ನೇಹಸಮ್ಮೇಲನದ ದಿವಸ ಹಾರ ಹಾಕಿಸಿಕೊಳ್ಳುವದಕ್ಕಿಂತ ಇದು ಹೆಚ್ಚಿನ ಮಾನ.

ಊರ ಪ್ರಮುಖರಿಗೂ ಪಾಲಕರಿಗೂ ನಮ್ಮದೊಂದು ಬಿನ್ನಹವುಂಟು. ಮುಂದಿನ ಬಾರಿ ಶಾಲೆಗೆ ಹೋದಾಗ 'ಈ ವರ್ಷ ಎಷ್ಟು ಕಪ್ಪುಗಳನ್ನು ಗೆದ್ದಿರಿ?' ಎಂದು ಕೇಳಬೇಡಿರಿ. 'ಈ ವಾರ ಆಡದ ಮಗು ಯಾವದು, ಯಾಕೆ ಆಡಲಿಲ್ಲ?' ಎಂದು ಕೇಳಿರಿ. ಉತ್ತರವು ದೊರೆಯದಿದ್ದರೆ, ಮರುವಾರ ಹೋಗಿ ಮತ್ತೆ ಅದನ್ನೇ ಕೇಳಿರಿ.